26 ಮಕ್ಕಳ ಕನ್ನಡ ಶಾಲೆಯಿಂದ ಶಿಕ್ಷಣ ಸಚಿವರಿಗೆ

ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ,

ನಮಸ್ಕಾರ.

ನಾನು ಉತ್ತರ ಕನ್ನಡದ ಘಟ್ಟದ ಮೇಲಿನ ಒಂದು ಹಳ್ಳಿಯವಳು. ಊರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಅಧ್ಯಕ್ಷೆ. ನಮ್ಮ ಕಡೆ ಸರ್ಕಾರಿ ಶಾಲೆಗೆ ಕನ್ನಡ ಶಾಲೆ ಅಂತಲೇ ಹೆಸರು. ಒಂದರಿಂದ ಐದನೇ ಕ್ಲಾಸು, 26 ಮಕ್ಕಳು. ಮಾಸ್ತರು ಒಬ್ಬರು, ಅತಿಥಿ ಶಿಕ್ಷಕಿಯಾಗಿ ಅಕ್ಕೋರು ಒಬ್ಬರು, ಬಿಸಿಯೂಟಕ್ಕೆ ಒಬ್ಬರು. ಊರಿನ ಹೆಸರು ಬೇಕೆಂತಲೇ ಬರೆಯುತ್ತಿಲ್ಲ. ಬರೆದರೆ ನಾಳೆ ಬೆಳಿಗ್ಗೆಯೇ ಮಾಸ್ತರಿಗೆ ಫೋನು ಬರುತ್ತದೆ, ‘ನಿಮ್ಮ ಅಧ್ಯಕ್ಷರು ಏನೋ ಬರೆದಿದ್ದಾರಂತಲ್ಲ’ ಅಂತ. ಪಾಪ, ಅವರಿಗೆ ಈಗಲೇ ಫೋನು ಜಾಸ್ತಿ.

ಪತ್ರಕ್ಕೆ ಕಾರಣ ನನ್ನ ಒಂದು ಸಹಿ.

ಕಳೆದ ಮಾರ್ಚ್ ಕೊನೆಯ ವಾರ ಅಂಗಳದಲ್ಲಿ ಕಾಳುಮೆಣಸು ಹರವುತ್ತಿದ್ದೆ. ಮಾಸ್ತರು ಬೈಕಿನಲ್ಲಿ ಬಂದರು. ಕೈಯಲ್ಲಿ ಮೂರು ಹಾಳೆ. ‘ತಂಗೀ, ಅನುದಾನ ಬಂತು. 31ರ ಒಳಗೆ ಖರ್ಚು ತೋರಿಸಬೇಕು. ಇಲ್ಲೊಂದು ಸಹಿ, ಇಲ್ಲೊಂದು, ಹಿಂದುಗಡೆ ಒಂದು’ ಅಂದರು. ಕೈಯೆಲ್ಲ ಮೆಣಸಿನ ಘಾಟು. ಸೆರಗಿಗೆ ಒರೆಸಿಕೊಂಡು ಹಾಕಿಕೊಟ್ಟೆ. ಹಾಕಿದ ಮೇಲೆ ನೆನಪಾಗಿ ಕೇಳಿದೆ: ‘ಮಾಸ್ತರೇ, ಯಾವುದಕ್ಕೆ ಖರ್ಚು ಮಾಡ್ತೀರಿ?’ ಅವರು ಆಗಲೇ ಬೈಕ್ ಹತ್ತಿಯಾಗಿತ್ತು. ‘ನಾಡಿದ್ದರೊಳಗೆ ಬಿಲ್ಲು ಕೊಡುವ ಅಂಗಡಿಯಲ್ಲಿ ಏನಿದೆಯೋ ಅದಕ್ಕೆ’ ಅಂದರು. ನಗಾಡಿಕೊಂಡೇ ಅಂದರು. ಆದರೆ ಸುಳ್ಳು ಹೇಳಲಿಲ್ಲ.

ನಮಗೆ ಬೇಕಾಗಿದ್ದದ್ದು ಚಿಕ್ಕ ಕ್ಲಾಸಿನವರು ಕೂರುವ ನಲಿಕಲಿ ಕೋಣೆಯ ಮಾಡಿಗೆ, ಅಂದರೆ ಸೂರಿಗೆ, ನಾಲ್ಕು ಪಕಾಸು, ಒಂದಿಷ್ಟು ರೀಪು (ಹಂಚು ಹೊರುವ ಮರದ ತುಂಡುಗಳು), ಐವತ್ತು ಹಂಚು. ಊರಿನ ಆಚಾರಿ ಎರಡು ದಿನದಲ್ಲಿ ಮಾಡಿಕೊಡುತ್ತಿದ್ದ. ಆದರೆ ಅವನ ಹತ್ತಿರ ಜಿಎಸ್‌ಟಿ ಬಿಲ್ಲಿಲ್ಲ, ನಮ್ಮ ಹತ್ತಿರ ಎರಡು ದಿನವಿರಲಿಲ್ಲ. ಹಾಗಾಗಿ ರಿಜಿಸ್ಟರ್ ಬುಕ್ಕು, ಬಕೆಟ್ಟು, ಪೊರಕೆ, ಗೋಡೆಗೆ ಬಣ್ಣ ಬಂತು. ಜೂನ್‌ನಲ್ಲಿ ಹೊಸ ಬಣ್ಣದ ಗೋಡೆಯ ಮೇಲೆ ನೀರಿಳಿಯಿತು. ಹೊಸ ಬಕೆಟ್ಟನ್ನೇ ಅದರ ಕೆಳಗೆ ಇಟ್ಟೆವು. ಅನುದಾನ ವ್ಯರ್ಥವಾಯಿತು ಅಂತ ಯಾರೂ ಹೇಳುವ ಹಾಗಿಲ್ಲ ನೋಡಿ.

ಆಮೇಲೆ ನಮಗೊಂದು ದಿನದ ತರಬೇತಿ ಇತ್ತು. ಅಧ್ಯಕ್ಷರು, ಸದಸ್ಯರು ಎಲ್ಲ ಬಂದಿದ್ದರು. ಉಪ್ಪಿಟ್ಟು ಚೆನ್ನಾಗಿತ್ತು. ಅಲ್ಲಿ ಕೊಟ್ಟ ಪುಸ್ತಿಕೆಯನ್ನು ಮನೆಗೆ ತಂದು ರಾತ್ರಿ ಓದಿದೆ. ನಾನು ಪಿಯುಸಿ ಓದಿದವಳು, ಕಾನೂನಿನ ಭಾಷೆ ನಿಧಾನಕ್ಕೆ ತಲೆಗೆ ಹೋಗುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಮು ನಮ್ಮ ಸಮಿತಿಯ ಬಗ್ಗೆ. ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು, ಅನುದಾನ ಹೇಗೆ ಖರ್ಚಾಗುತ್ತದೆ ಅಂತ ಸಮಿತಿ ನೋಡಬೇಕು. ಇಷ್ಟು ಗೊತ್ತಿತ್ತು. ಅದರ ಮುಂದಿನ 22ನೇ ಕಲಮನ್ನು ಮಾತ್ರ ಎರಡು ಸಲ ಓದಿದೆ. ಶಾಲೆಯ ಸಮಿತಿ ಶಾಲಾ ಅಭಿವೃದ್ಧಿ ಯೋಜನೆ ಮಾಡಬೇಕು, ಸರ್ಕಾರವಾಗಲಿ ಸ್ಥಳೀಯ ಸಂಸ್ಥೆಯಾಗಲಿ ಕೊಡುವ ಅನುದಾನಕ್ಕೆ ಆ ಯೋಜನೆಯೇ ಆಧಾರವಾಗಬೇಕು ಅಂತ ಅಲ್ಲಿದೆ.

ಅಂದರೆ ಮೊದಲು ನಾವು ಹೇಳಬೇಕು, ಆಮೇಲೆ ನೀವು ಕೊಡಬೇಕು. ಈ ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ಕ್ಕೆ. ಅಂದಿನಿಂದ ಇಂದಿನವರೆಗೆ ನಮ್ಮ ಶಾಲೆಯಲ್ಲಿ ನಡೆದದ್ದು ಪೂರಾ ಉಲ್ಟಾ. ಎಷ್ಟು ಬರುತ್ತದೆ ಅಂತ ಮೊದಲು ಗೊತ್ತಾಗುತ್ತದೆ. ಆಮೇಲೆ ಅಷ್ಟಕ್ಕೆ ಸರಿಯಾಗಿ ಯೋಜನೆ ತುಂಬುತ್ತೇವೆ. ಫಾರಂ ಮೇಲಿನಿಂದ ಬರುತ್ತದೆ, ಖಾಲಿ ಜಾಗ ತುಂಬುವುದು ಮಾಸ್ತರ ಕೆಲಸ, ಕೆಳಗೆ ಸಹಿ ನನ್ನದು. ಕಳೆದ ಸಲದ ಯೋಜನೆಯಲ್ಲಿ ಮಾಡಿನ ರಿಪೇರಿಯನ್ನೂ ಬರೆದಿದ್ದೆವು. ಆಗುತ್ತದೆ ಅಂತಲೂ ಇಲ್ಲ, ಆಗುವುದಿಲ್ಲ ಅಂತಲೂ ಇಲ್ಲ, ಏನೂ ಉತ್ತರ ಬರಲಿಲ್ಲ.

ಬರುವ ದುಡ್ಡೆಷ್ಟು ಅಂತ ಊರಿನಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಸರ್ಕಾರದಿಂದ ಲಕ್ಷಗಟ್ಟಲೆ ಬರುತ್ತದೆ, ಮಾಸ್ತರು ಮತ್ತು ಅಧ್ಯಕ್ಷೆ ಸೇರಿ ಏನೋ ಮಾಡುತ್ತಾರೆ ಅನ್ನುವ ಗುಮಾನಿ ಒಂದಿಬ್ಬರಿಗಿದೆ. ಅವರಿಗೂ ಇಲ್ಲೇ ಲೆಕ್ಕ ಹೇಳಿಬಿಡುತ್ತೇನೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಕೇಂದ್ರದ ಪಾಲು 60, ರಾಜ್ಯದ ಪಾಲು 40. ಅದರ ಸಂಯುಕ್ತ ಶಾಲಾ ಅನುದಾನ ಮಕ್ಕಳ ತಲೆ ಎಣಿಸಿ ಬರುತ್ತದೆ. 30 ಮಕ್ಕಳವರೆಗೆ ವರ್ಷಕ್ಕೆ 10,000 ರೂಪಾಯಿ. 31ರಿಂದ 100ರವರೆಗೆ 25,000. 250ರವರೆಗೆ 50,000, ಸಾವಿರದವರೆಗೆ 75,000, ಅದರ ಮೇಲೆ ಒಂದು ಲಕ್ಷ. ಇದರಲ್ಲಿ ಹತ್ತರಲ್ಲೊಂದು ಪಾಲು ಸ್ವಚ್ಛತೆಗೇ ಹೋಗಬೇಕು.

ನಮ್ಮದು 26. ಹಾಗಾಗಿ ವರ್ಷಕ್ಕೆ ಹತ್ತು ಸಾವಿರ. ತಿಂಗಳಿಗೆ ಸುಮಾರು 830 ರೂಪಾಯಿ. ಸೀಮೆಸುಣ್ಣ, ಕಾಗದ, ಪ್ರಿಂಟು, ಇಂಟರ್ನೆಟ್ಟು, ಸೋಪು, ಫಿನಾಯಿಲು, ಒಡೆದ ನಲ್ಲಿ, ಆಗಸ್ಟ್ 15ರ ಸಿಹಿ, ಎಲ್ಲ ಇದರೊಳಗೇ. ಗ್ರಂಥಾಲಯಕ್ಕೆ, ಆಟದ ಸಾಮಾನಿಗೆ ಬೇರೆ ಸ್ವಲ್ಪ ಬರುತ್ತದೆ ನಿಜ. ಆದರೆ ಮಾಡಿಗೆ ಎಲ್ಲೂ ಇಲ್ಲ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಅಂತಾರಲ್ಲ, ಹಾಗೆ. ಇನ್ನೂ ಐದು ಮಕ್ಕಳಿದ್ದರೆ 15,000 ಹೆಚ್ಚು ಬರುತ್ತಿತ್ತು. ಐದು ಮಕ್ಕಳು ಹೆಚ್ಚಾದರೆ ಸೀಮೆಸುಣ್ಣ ಎರಡು ಡಬ್ಬಿ ಜಾಸ್ತಿ ಬೇಕಾಗಬಹುದು, ಮಾಡು ಜಾಸ್ತಿ ಸೋರುವುದಿಲ್ಲ. ಇಪ್ಪತ್ತಾರು ಮಕ್ಕಳ ಕಟ್ಟಡಕ್ಕೂ ಮೂವತ್ತೊಂದು ಮಕ್ಕಳ ಕಟ್ಟಡಕ್ಕೂ ಹಂಚು ಒಂದೇ ಲೆಕ್ಕ, ಅಲ್ವಾ? ನಮ್ಮ ಮಲೆನಾಡಿನಲ್ಲಿ ನಾಲ್ಕು ಮನೆ ಇಲ್ಲಿ, ಆರು ಮನೆ ಗುಡ್ಡದಾಚೆ. ಇಲ್ಲಿ ಶಾಲೆಗಳು ಚಿಕ್ಕವೇ. ತಲೆ ಎಣಿಸುವ ಲೆಕ್ಕ ಬಯಲುಸೀಮೆಯ ದೊಡ್ಡ ಊರಿಗೆ ಸರಿ.

ಬಂದ ದುಡ್ಡಾದರೂ ಶಾಲೆಯ ಖಾತೆಯಲ್ಲಿ ಇರುತ್ತದೆಯೇ ಅಂದರೆ ಅದೂ ಇಲ್ಲ. ಮೊದಲು ಮುಖ್ಯ ಶಿಕ್ಷಕರು ಮತ್ತು ಅಧ್ಯಕ್ಷರ ಜಂಟಿ ಖಾತೆಗೆ ಹಣ ಬೀಳುತ್ತಿತ್ತು. ಪಾಸ್‌ಬುಕ್ ತೋರಿಸಿ ಇಷ್ಟಿದೆ ಅಂತ ಹೇಳಬಹುದಿತ್ತು. 2021ರಲ್ಲಿ ಕೇಂದ್ರ ಸರ್ಕಾರ ಪದ್ಧತಿ ಬದಲಾಯಿಸಿತು. ಈಗ ಹಣ ಮೇಲಿನ ಒಂದೇ ಖಾತೆಯಲ್ಲಿ ಇರುತ್ತದೆ. ನಮ್ಮದು ಸೊನ್ನೆ ಬ್ಯಾಲೆನ್ಸಿನ ಖಾತೆ, ಇಷ್ಟು ಖರ್ಚು ಮಾಡಬಹುದು ಅಂತ ಒಂದು ಮಿತಿ ಮಾತ್ರ ಸಿಗುತ್ತದೆ. ಪಿಎಫ್‌ಎಂಎಸ್ ಅನ್ನುವ ಕೇಂದ್ರದ ಹಣಕಾಸು ಜಾಲತಾಣದಲ್ಲಿ ಲಾಗಿನ್ ಆಗಿ, ಅಂಗಡಿಯವರ ಹೆಸರು ಸೇರಿಸಿ, ಪ್ರಿಂಟ್ ತೆಗೆದು, ಸಹಿ ಹಾಕಿ ಬ್ಯಾಂಕಿಗೆ ಕೊಡಬೇಕು. ಕಳ್ಳತನ ತಪ್ಪಿಸಲು ಹೀಗೆ ಮಾಡಿದ್ದಾರಂತೆ. ಇರಬಹುದು. ಆದರೆ ನಮ್ಮ ಊರಿನಲ್ಲಿ ಮೊಬೈಲ್ ಸಿಗ್ನಲ್ ಸಿಗುವುದು ಗುಡ್ಡದ ನೆತ್ತಿಯಲ್ಲಿ. ಮಾಸ್ತರು ಲಾಗಿನ್ ಆಗಲು ಪೇಟೆಗೆ ಹೋದ ದಿನ ಐದೂ ಕ್ಲಾಸು ಅಕ್ಕೋರ ತಲೆಗೆ. ಮಾರ್ಚ್ 31 ದಾಟಿದರೆ ಆ ಮಿತಿಯೂ ಮಾಯ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಿದ್ದರು. ಈಗ ಪೂಜಾರಿಯ ಜಾಗದಲ್ಲಿ ಪಾಸ್‌ವರ್ಡ್ ಕೂತಿದೆ.

ಸಚಿವರೇ, ನಮ್ಮ ಶಾಲೆಯ ಯಜಮಾನರು ಯಾರು ಅಂತ ಹುಡುಕಲು ಹೋಗಿ ನಾನು ಸುಸ್ತಾದೆ. ಪಾಠ, ತಪಾಸಣೆ ನಿಮ್ಮ ಇಲಾಖೆಯದು. ಹತ್ತಿರದ ಶಾಲೆಗಳನ್ನು ನೋಡುವ ಸಿಆರ್‌ಪಿ, ಅವರ ಮೇಲೆ ತಾಲ್ಲೂಕಿನ ಬಿಇಒ, ಅವರ ಮೇಲೆ ಜಿಲ್ಲೆಯ ಡಿಡಿಪಿಐ, ಅವರ ಮೇಲೆ ಧಾರವಾಡದಲ್ಲಿ ಅಪರ ಆಯುಕ್ತರು, ಆಮೇಲೆ ಬೆಂಗಳೂರು. ನಮ್ಮ ಜಿಲ್ಲೆಗೆ ಕಾರವಾರ, ಶಿರಸಿ ಅಂತ ಎರಡು ಶೈಕ್ಷಣಿಕ ಜಿಲ್ಲೆ ಬೇರೆ. ಊಟ ನೋಡುವವರು ತಾಲ್ಲೂಕು ಪಂಚಾಯಿತಿಯ ಅಕ್ಷರ ದಾಸೋಹದ ಸಹಾಯಕ ನಿರ್ದೇಶಕರು. ಕಟ್ಟಡದ ವಿಷಯ ಜಿಲ್ಲಾ ಪಂಚಾಯಿತಿಯ ಎಂಜಿನಿಯರ್ ಕಡೆ. ನೀರು ಗ್ರಾಮ ಪಂಚಾಯಿತಿ. ಪಕ್ಕದ ಕೋಣೆಯ ಅಂಗನವಾಡಿ ಇನ್ನೊಂದೇ ಇಲಾಖೆ, ನಡುವೆ ಒಂದೇ ಗೋಡೆ. ಆ ಗೋಡೆ ಬಿರುಕು ಬಿಟ್ಟಾಗ ಅದು ಯಾರ ಗೋಡೆ ಅಂತ ಎರಡು ತಿಂಗಳು ಪತ್ರ ಓಡಾಡಿತು. ಕೊನೆಗೆ ಯಾರೋ ಒಬ್ಬ ಪೋಷಕರು ಒಂದು ಬುಟ್ಟಿ ಸಿಮೆಂಟ್ ತಂದು ಮೆತ್ತಿದರು.

ಮಾಸ್ತರ ಸಂಬಳದ ಕಥೆಯೂ ಸ್ವಾರಸ್ಯದ್ದು. ಪ್ರಾಥಮಿಕ ಶಾಲೆಯ ಶಿಕ್ಷಕರ ಸಂಬಳ ತಾಲ್ಲೂಕು ಪಂಚಾಯಿತಿಯ ಲೆಕ್ಕದಲ್ಲಿ ಬರುತ್ತದೆ. ಕಾಗದದ ಮೇಲೆ ನೋಡಿದರೆ ಸ್ಥಳೀಯ ಸರ್ಕಾರಕ್ಕೆ ಎಷ್ಟು ಕೋಟಿ ಹೋಗಿದೆ ಅಂತ ಅನಿಸಬೇಕು. ಆದರೆ ಆ ದುಡ್ಡಿನಲ್ಲಿ ತಾಲ್ಲೂಕು ಪಂಚಾಯಿತಿ ಒಂದು ಪೈಸೆ ಅತ್ತಿತ್ತ ಮಾಡುವ ಹಾಗಿಲ್ಲ. ಶಿಕ್ಷಕರ ನೇಮಕ, ವರ್ಗಾವಣೆ ಎಲ್ಲ ಇಲಾಖೆಯದು. ಸಂಬಳ ಕೊಡುವ ಕೈ ಒಂದು, ಮಾತು ಇನ್ನೊಬ್ಬರದು.

2025–26ರ ರಾಜ್ಯ ಬಜೆಟ್‌ನಲ್ಲಿ ಶಿಕ್ಷಣಕ್ಕೆ ಇಟ್ಟದ್ದು 45,286 ಕೋಟಿ ರೂಪಾಯಿ. ಬಜೆಟ್ಟಿನ ಹತ್ತರಲ್ಲೊಂದು ಪಾಲು. ಕಡಿಮೆ ಅಂತ ನಾನು ಹೇಳುವುದಿಲ್ಲ. ಅದರಲ್ಲಿ ದೊಡ್ಡ ಪಾಲು ಸಂಬಳಕ್ಕೇ ಹೋಗುತ್ತದೆ, ಹೋಗಲಿ. ಮಾಸ್ತರಿಲ್ಲದೆ ಶಾಲೆಯೇ ಇಲ್ಲ. ಆದರೆ ಅಷ್ಟು ಕೋಟಿಯಲ್ಲಿ ಶಾಲೆಯ ಊರು ತಾನೇ ಕೂತು ನಿರ್ಧರಿಸಬಹುದಾದ ಮೊತ್ತ ಎಷ್ಟು? ನಮ್ಮ ಮಟ್ಟಿಗೆ ಹತ್ತು ಸಾವಿರ. ಅದನ್ನೂ ಮೂರು ದಿನದಲ್ಲಿ ನಿರ್ಧರಿಸಬೇಕು.

ಇನ್ನೊಂದು ಸಣ್ಣ ವಿಷಯ. ಮನೆ ತೆರಿಗೆ ಕಟ್ಟಿದ ರಸೀತಿಯನ್ನು ಈ ವರ್ಷ ಮೊದಲ ಸಲ ಪೂರ್ತಿ ಓದಿದೆ. ಆರೋಗ್ಯ ಕರ, ಗ್ರಂಥಾಲಯ ಕರ, ಭಿಕ್ಷುಕರ ಕರ, ಇವುಗಳ ಜೊತೆ ಶಿಕ್ಷಣ ಕರ ಅಂತಲೂ ಒಂದು ಸಾಲಿದೆ. ಕೆಲವೇ ರೂಪಾಯಿ. ಪಂಚಾಯಿತಿಯಲ್ಲಿ ಕೇಳಿದೆ: ‘ಈ ಶಿಕ್ಷಣ ಕರದ ದುಡ್ಡು ನಮ್ಮ ಶಾಲೆಗೆ ಬರ್ತದಾ?’ ಅಲ್ಲಿದ್ದವರು ನನ್ನ ಮುಖ ನೋಡಿದರು. ‘ಹಾಗೆಲ್ಲ ಬರೂದಿಲ್ಲ ಅಕ್ಕಾ, ಅದು ಮೇಲೆ ಹೋಗ್ತದೆ’ ಅಂದರು. ಮೇಲೆ ಅಂದರೆ ಎಲ್ಲಿ ಅಂತ ಕೇಳುವಷ್ಟರಲ್ಲಿ ಕರೆಂಟು ಹೋಯಿತು. ಕರ ಕಟ್ಟುವುದಕ್ಕೆ ನನಗೆ ಬೇಜಾರಿಲ್ಲ. ರಸೀತಿಯಲ್ಲಿ ಶಿಕ್ಷಣ ಅಂತ ಬರೆದಿದೆ, ಕಿಟಕಿಯಿಂದ ನೋಡಿದರೆ ಶಾಲೆ ಕಾಣುತ್ತದೆ. ಎರಡರ ನಡುವೆ ದಾರಿ ಯಾವುದು ಅಂತ ಮಾತ್ರ ಗೊತ್ತಾಗಲಿಲ್ಲ.

ಹಿಂದೆ ಹೀಗೇ ಇತ್ತಾ? ನನ್ನ ಅಜ್ಜ ಶಾಲೆಗೆ ‘ಬೋರ್ಡಿನ ಶಾಲೆ’ ಅನ್ನುತ್ತಿದ್ದರು. ನಮ್ಮ ಜಿಲ್ಲೆ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. ಅಲ್ಲಿನ 1923ರ ಪ್ರಾಥಮಿಕ ಶಿಕ್ಷಣ ಕಾಯ್ದೆ ಶಾಲೆಗಳನ್ನು ಲೋಕಲ್ ಬೋರ್ಡುಗಳ ಕೈಗೆ ಕೊಟ್ಟಿತ್ತು. ಆ ಬೋರ್ಡುಗಳೂ ಬಡವರ ಮಾತು ಕೇಳುತ್ತಿದ್ದವು ಅಂತಲ್ಲ. ಊರ ದೊಡ್ಡವರದ್ದೇ ದರ್ಬಾರು, ನಮ್ಮ ಅಜ್ಜನಂಥವರು ಜಗುಲಿಯ ಕೆಳಗೇ. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. 1961ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯ್ದೆ ಬಂತು, ಬೋರ್ಡುಗಳ ಕಾಲ ಮುಗಿಯಿತು, ಶಾಲೆ ನೇರ ಸರ್ಕಾರದ್ದಾಯಿತು. 1987ರಲ್ಲಿ ಜಿಲ್ಲಾ ಪರಿಷತ್ತುಗಳು ಬಂದಾಗ ಶಾಲೆ ಮತ್ತೆ ಹತ್ತಿರ ಬಂತು. ಆಗಿನ ಪಂಚಾಯತ್ ರಾಜ್ ಸಚಿವ ನಜೀರ್ ಸಾಬರ ಹೆಸರು ನಮ್ಮ ಕಡೆ ಬೋರ್‌ವೆಲ್ ಹ್ಯಾಂಡ್‌ಪಂಪಿನ ಜೊತೆಗೇ ನೆನಪಾಗುತ್ತದೆ, ಆದರೆ ಅಧಿಕಾರವನ್ನು ಕೆಳಗಿಳಿಸಲು ಹೊರಟದ್ದೂ ಅವರೇ. ಸಂವಿಧಾನದ ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ಕೊಡಬಹುದಾದ 29 ವಿಷಯಗಳಿವೆ. 17ನೆಯದು ಪ್ರಾಥಮಿಕ ಮತ್ತು ಪ್ರೌಢಶಾಲೆಗಳೂ ಸೇರಿದ ಶಿಕ್ಷಣ.

ನಮ್ಮ ಎಸ್‌ಡಿಎಂಸಿ ಹುಟ್ಟಿದ್ದು 2001ರಲ್ಲಿ, ಅಣು ವಿಜ್ಞಾನಿ ರಾಜಾ ರಾಮಣ್ಣ ಅವರು ಅಧ್ಯಕ್ಷರಾಗಿದ್ದ ಶಿಕ್ಷಣ ಕಾರ್ಯಪಡೆ ಕೂತು ಯೋಚಿಸಿದ ಮೇಲೆ. ಶಾಲೆಯನ್ನು ನೋಡಿಕೊಳ್ಳಲು ಮಕ್ಕಳ ಅಪ್ಪ ಅಮ್ಮನಿಗಿಂತ ಬೇರೆ ಯಾರು ಬೇಕು ಅನ್ನುವುದು ಆಗಿನ ಯೋಚನೆ. 2006ರಲ್ಲಿ ಪಂಚಾಯತ್ ರಾಜ್ ಕಾಯ್ದೆಯಡಿ ಮಾದರಿ ಉಪವಿಧಿ ಮಾಡಿ ಎಸ್‌ಡಿಎಂಸಿಯನ್ನು ಗ್ರಾಮ ಪಂಚಾಯಿತಿಗೆ ಜೋಡಿಸಿದರು. ಕಾಗದದ ಮೇಲೆ ಎಲ್ಲವೂ ಸರಿಯಾಗಿದೆ ಸಚಿವರೇ. ಕಾಗದ ಬರೆದವರಿಗೆ ನನ್ನ ನಮಸ್ಕಾರ.

ಇಷ್ಟೆಲ್ಲ ಹೇಳಿ ನಮ್ಮ ತಪ್ಪು ಮುಚ್ಚಿಟ್ಟರೆ ಸರಿಯಲ್ಲ. ನಮ್ಮ ಸಮಿತಿಯ ಸಭೆಗೆ ಅರ್ಧ ಜನ ಬರುವುದಿಲ್ಲ. ಕೂಲಿ ಬಿಟ್ಟು ಬರಬೇಕು, ಬಂದರೆ ಏನು ಸಿಗುತ್ತದೆ, ಮಾತಾಡಿದರೆ ಏನಾಗುತ್ತದೆ ಅಂತ ಕೇಳುತ್ತಾರೆ. ಉತ್ತರ ನನ್ನ ಹತ್ತಿರವೂ ಇಲ್ಲ. ಮನೆಮನೆಗೆ ಪುಸ್ತಕ ಕಳಿಸಿ ಸಹಿ ತರಿಸಿದ ಸಭೆಗಳೂ ಆಗಿವೆ. ಬೇರೆ ಕಡೆ ಅಧ್ಯಕ್ಷರ ಕುರ್ಚಿಗೆ ಪಕ್ಷದವರು ಜಗಳವಾಡುವುದನ್ನು ಕೇಳಿದ್ದೇನೆ. ಅಧ್ಯಕ್ಷೆ ಹೆಂಡತಿ, ಮಾತಾಡುವುದು ಗಂಡ, ಇದೂ ಇದೆ. ನಮ್ಮನೆಯವರೂ ಮೊದಲ ಸಭೆಗೆ ನನ್ನ ಜೊತೆ ಹೊರಟಿದ್ದರು. ‘ನೀವು ಕರು ನೋಡಿಕೊಳ್ಳಿ’ ಅಂದೆ. ಇನ್ನು ಊರಿನ ಅರ್ಧ ಮಕ್ಕಳು ಬೆಳಿಗ್ಗೆ ಹಳದಿ ವ್ಯಾನ್ ಹತ್ತುತ್ತಾರೆ. ನನ್ನ ಅಣ್ಣನ ಇಬ್ಬರು ಮಕ್ಕಳೂ ಅದರಲ್ಲೇ. ಅವರಿಬ್ಬರು ಮತ್ತು ಪಕ್ಕದ ಮನೆಯ ಮೂವರು ಇಲ್ಲಿಗೆ ಬಂದಿದ್ದರೆ 31 ಆಗುತ್ತಿತ್ತು. ಈ ಲೆಕ್ಕವನ್ನು ಅಣ್ಣನ ಮುಂದೆಯೂ ಹೇಳಿದ್ದೇನೆ. ಅವನು ಸೋರುವ ಮಾಡನ್ನು ತೋರಿಸಿದ.

ಊಟದ ವಿಷಯಕ್ಕೆ ಮಾತ್ರ ಹೊಗಳಬೇಕು. 2013ರಿಂದ ಹಾಲು, ಈಗ ಮೊಟ್ಟೆ, ಬೇಡದವರಿಗೆ ಬಾಳೆಹಣ್ಣು. ಅಜೀಂ ಪ್ರೇಮ್‌ಜಿ ಫೌಂಡೇಶನ್ 2024ರಲ್ಲಿ ಕೈಜೋಡಿಸಿದ ಮೇಲೆ ವಾರದಲ್ಲಿ ಆರೂ ದಿನ. ಮಕ್ಕಳ ಮುಖದಲ್ಲಿ ಅದು ಕಾಣುತ್ತದೆ. ಆದರೆ ಅಲ್ಲಿಯೂ ಒಂದು ಮೊಟ್ಟೆಗೆ 6 ರೂಪಾಯಿ ಅಂತ ನಿಗದಿ. ಕೊಳ್ಳಲು 5 ರೂಪಾಯಿ 20 ಪೈಸೆ, ಬೇಯಿಸಲು 50 ಪೈಸೆ, ಸಿಪ್ಪೆ ಸುಲಿಯಲು 30 ಪೈಸೆ. ಬೆಂಗಳೂರಿನಲ್ಲಿ ಕೂತು ಸಿಪ್ಪೆ ಸುಲಿಯುವ ದರವನ್ನೂ ಲೆಕ್ಕ ಹಾಕಿದವರಿಗೆ ನಮ್ಮ ಗುಡ್ಡದ ಅಂಗಡಿಯ ಮೊಟ್ಟೆ ದರ ಹೊಳೆಯಲಿಲ್ಲ. ಇಲ್ಲಿ ಆರೂವರೆ, ಏಳು ಆದ ವಾರ ಮಾಸ್ತರ ಜೇಬಿನಿಂದ ಹೋಗುತ್ತದೆ. ಅವರು ಯಾರಿಗೂ ಹೇಳುವುದಿಲ್ಲ. ಅಂಗಡಿಯವರು ನನಗೆ ಹೇಳಿದರು. ಕರೆಂಟ್ ಬಿಲ್ ಕೂಡ ಹೀಗೇ ಅವರ ಜೇಬಿನ ಮೇಲೆ ಬೀಳುತ್ತಿತ್ತು. 2023ರ ರಾಜ್ಯೋತ್ಸವದ ದಿನ ಸರ್ಕಾರಿ ಶಾಲೆಗಳಿಗೆ ಕರೆಂಟು, ನೀರು ಉಚಿತ ಅಂತ ಮುಖ್ಯಮಂತ್ರಿಗಳು ಘೋಷಿಸಿದಾಗ ನಮ್ಮ ಮಾಸ್ತರು ಮಕ್ಕಳಿಗೆ ಎರಡೆರಡು ಚಾಕಲೇಟು ಹಂಚಿದರು. ಧ್ವಜಕ್ಕೋ ಬಿಲ್ಲಿಗೋ ಅಂತ ನಾನು ಕೇಳಲಿಲ್ಲ.

ದುಡ್ಡು ಸಾಲದಿದ್ದರೆ ಊರಿನವರೇ ಹಾಕಲಿ ಅನ್ನುವ ಮಾತು ಆಗಾಗ ಬರುತ್ತದೆ. 2022ರ ಅಕ್ಟೋಬರ್‌ನಲ್ಲಿ ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ತೆಗೆದುಕೊಳ್ಳಬಹುದು ಅಂತ ಸುತ್ತೋಲೆ ಬಂತು, ಗಲಾಟೆಯಾಗಿ ಕೆಲವೇ ದಿನಕ್ಕೆ ವಾಪಸೂ ಹೋಯಿತು. ಒಳ್ಳೆಯದೇ ಆಯಿತು. ದೇಣಿಗೆ ಅಂತ ಶುರುವಾದದ್ದು ಮುಂದಿನ ವರ್ಷ ಫೀಸಾಗುತ್ತದೆ. ಹಾಗಂತ ಊರು ಕೊಟ್ಟಿಲ್ಲ ಅಂದುಕೊಳ್ಳಬೇಡಿ. ಶಾಲೆ ನಿಂತಿರುವ ಜಾಗವೇ ಊರಿನವರು ಕೊಟ್ಟದ್ದು. ಅಡಿಕೆ ಕೊಯ್ಲು ಮುಗಿದ ಮೇಲೆ ಅಂಗಳ ಮಟ್ಟ ಮಾಡುವುದು, ಮಳೆಗೆ ಮೊದಲು ಹಂಚು ಕೈಯಾಡಿಸುವುದು, ಇದೆಲ್ಲ ಯಾವ ಲೆಕ್ಕಕ್ಕೂ ಬರದ ಕೆಲಸ. ಸರ್ಕಾರದಿಂದ ತಾನಾಗಿಯೇ, ಕೇಳದೆಯೇ ಬಂದದ್ದು ಅಂದರೆ ನನಗೆ ನೆನಪಿರುವುದು ಒಂದೇ, ಬಾಗಿಲ ಮುಂದಿನ ಇಳಿಜಾರು. ನಮ್ಮ ಶಾಲೆ ಮತಗಟ್ಟೆ ಕೂಡ, ಅದಕ್ಕೆ. ಮತದಾರರು ಚುನಾವಣೆ ಬಂದಾಗ ಹತ್ತುತ್ತಾರೆ, ಮಕ್ಕಳು ದಿನಾ ಜಾರುತ್ತಾರೆ.

ನಮ್ಮೂರಿನ ಹುಡುಗಿಯೊಬ್ಬಳು ಮದುವೆಯಾಗಿ ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿದ್ದಾಳೆ. ಇದೇ ಶಾಲೆಯಲ್ಲಿ ನನ್ನ ಜೊತೆ ಕಲಿತವಳು. ಕಳೆದ ಬೇಸಿಗೆಯಲ್ಲಿ ಬಂದಿದ್ದಳು. ಶಾಲೆಯ ಜಗುಲಿಯ ಮೇಲೆ ಕೂತು ಅಲ್ಲಿನ ಪದ್ಧತಿ ಹೇಳಿದಳು. ಅಲ್ಲಿಯೂ ಗುಡ್ಡ, ಹಳ್ಳಿ, ಚಿಕ್ಕ ಶಾಲೆಗಳೇ. ಒಂದೆರಡು ಊರಿಗೆ ಒಂದು ಶಾಲಾ ಜಿಲ್ಲೆ, ಅದಕ್ಕೆ ಊರಿನವರೇ ಆರಿಸಿದ ಬೋರ್ಡು. ಶಾಲೆಗಳ ಮೇಲಧಿಕಾರಿಯನ್ನು ನೇಮಿಸುವುದು ಬೋರ್ಡು. ಮಾರ್ಚ್ ಮೊದಲ ಮಂಗಳವಾರ ಊರಿನ ಸಭೆಯ ದಿನ. ಬರುವ ವರ್ಷದ ಶಾಲಾ ಬಜೆಟ್ಟಿಗೆ ಜನರೇ ಹೌದು ಅಥವಾ ಇಲ್ಲ ಅಂತ ಮತ ಹಾಕುತ್ತಾರಂತೆ. 2024ರ ಮಾರ್ಚ್‌ನಲ್ಲಿ ತೆರಿಗೆ ಏರುತ್ತದೆ ಅಂತ ಸಿಟ್ಟಾಗಿ ಮೂರರಲ್ಲೊಂದು ಪಾಲು ಶಾಲಾ ಬಜೆಟ್ಟುಗಳನ್ನು ಜನ ಬೀಳಿಸಿಬಿಟ್ಟರಂತೆ. ಬೋರ್ಡು ಕಡಿಮೆ ಮಾಡಿ ಮತ್ತೆ ಜನರ ಮುಂದೆ ಬರಬೇಕು.

ಕೇಳಿ ನನಗೆ ಹೊಟ್ಟೆಕಿಚ್ಚಾಯಿತು. ಅವಳು ‘ಅಷ್ಟು ಸುಲಭ ಇಲ್ಲ ಮಾರಾಯ್ತಿ’ ಅಂದಳು. ಮನೆ, ಜಮೀನಿನ ತೆರಿಗೆಯಿಂದ ಶಾಲೆ ನಡೆದರೆ ಶ್ರೀಮಂತರ ಊರಿಗೆ ಒಳ್ಳೆಯ ಶಾಲೆ, ಬಡ ಊರಿಗೆ ಬಡ ಶಾಲೆ. ಅಲ್ಲಿ ಹಾಗೇ ಆಗಿ, 1997ರಲ್ಲಿ ವರ್ಮಾಂಟಿನ ಸುಪ್ರೀಂ ಕೋರ್ಟು ಈ ತಾರತಮ್ಯ ನಡೆಯುವುದಿಲ್ಲ ಅಂದಿತು. ಅದೇ ವರ್ಷ ಕಾಯ್ದೆ ಮಾಡಿ ತೆರಿಗೆಯನ್ನು ಇಡೀ ರಾಜ್ಯಕ್ಕೆ ಹಂಚುವ ಪದ್ಧತಿ ತಂದರು. 2015ರಲ್ಲಿ ಚಿಕ್ಕ ಶಾಲಾ ಜಿಲ್ಲೆಗಳನ್ನು ಒಟ್ಟುಗೂಡಿಸುವ ಕಾಯ್ದೆಯೂ ಬಂತು. ಅಲ್ಲೂ ಚಿಕ್ಕ ಊರುಗಳು ನಮ್ಮ ಶಾಲೆ ಹೋಗುತ್ತದೆ ಅಂತ ಗೋಳಾಡಿದವು. ಹಾಗಾಗಿ ಅಲ್ಲಿನದ್ದನ್ನು ಹಾಗೇ ತನ್ನಿ ಅಂತ ನಾನು ಕೇಳುತ್ತಿಲ್ಲ. ನಮ್ಮೂರಿನ ಮನೆ ತೆರಿಗೆಯಿಂದ ಶಾಲೆ ನಡೆಸಿದರೆ ಮಾಸ್ತರಿಗೆ ಒಂದು ವಾರದ ಸಂಬಳವೂ ಹುಟ್ಟಲಿಕ್ಕಿಲ್ಲ. ದುಡ್ಡು ಬೆಂಗಳೂರು, ದೆಹಲಿಯಿಂದಲೇ ಬರಬೇಕು. ನನಗೆ ಹಿಡಿಸಿದ್ದು ಒಂದೇ. ಖರ್ಚಿಗೆ ಮೊದಲು, ವರ್ಷಕ್ಕೊಮ್ಮೆ, ಶಾಲೆಯ ಪೂರ್ತಿ ಲೆಕ್ಕವನ್ನು ಊರಿನ ಮುಂದೆ ಜೋರಾಗಿ ಓದುತ್ತಾರೆ. ಇದಕ್ಕೆ ಅಮೆರಿಕಕ್ಕೆ ಹೋಗಬೇಕಾಗಿಲ್ಲ, ನಮ್ಮಲ್ಲಿ ಗ್ರಾಮ ಸಭೆ ಇದೆ. ಮಕ್ಕಳ ಗ್ರಾಮ ಸಭೆಯೂ ಇದೆ. ಹೋದ ಸಲದ ಮಕ್ಕಳ ಸಭೆಯಲ್ಲಿ ನಾಲ್ಕನೇ ಕ್ಲಾಸಿನ ಹುಡುಗ ಎದ್ದು ನಿಂತು ‘ನಮ್ಮ ಕ್ಲಾಸಿನಲ್ಲಿ ಮಳೆ ಬರ್ತದೆ’ ಅಂದ. ಎಲ್ಲರೂ ಚಪ್ಪಾಳೆ ತಟ್ಟಿದರು, ಫೋಟೊ ತೆಗೆದರು. ಮಳೆ ಇನ್ನೂ ಬರ್ತದೆ.

ಈಗ ಊರಿನಲ್ಲಿ ಇನ್ನೊಂದು ಹೆದರಿಕೆ ಹಬ್ಬಿದೆ. ಕರ್ನಾಟಕ ಪಬ್ಲಿಕ್ ಶಾಲೆಗಳನ್ನು ಹೆಚ್ಚಿಸುತ್ತೀರಿ, ಮ್ಯಾಗ್ನೆಟ್ ಅಂತ ಹೆಸರಿಟ್ಟು ಅಕ್ಕಪಕ್ಕದ ಚಿಕ್ಕ ಶಾಲೆಗಳನ್ನು ಅದಕ್ಕೆ ಸೇರಿಸುತ್ತೀರಿ ಅಂತ. ದೊಡ್ಡ ಶಾಲೆ ಬೇಡ ಅಂತ ನಾನು ಹೇಳುವವಳಲ್ಲ. ನನ್ನ ಮಗ ಐದನೇ ಕ್ಲಾಸು ಮುಗಿಸಿದ ಮೇಲೆ ಅಂಥದ್ದಕ್ಕೇ ಹೋಗಬೇಕು, ಅಲ್ಲಿ ಇಂಗ್ಲಿಷ್, ಲ್ಯಾಬು, ಆಟದ ಮೈದಾನ ಎಲ್ಲ ಇದ್ದರೆ ಸಂತೋಷವೇ. ಆದರೆ ಒಂದನೇ ಕ್ಲಾಸಿನ ಮಗುವಿನ ಮಾತು ಬೇರೆ. ಐದನೇ ತರಗತಿಯವರೆಗಿನ ಶಾಲೆ ಒಂದು ಕಿಲೋಮೀಟರ್ ಒಳಗೆ ಇರಬೇಕು ಅಂತ ನಿಯಮವಿದೆ. ನಮ್ಮಿಂದ ಮುಂದಿನ ಶಾಲೆಗೆ ನಡುವೆ ಹಳ್ಳವಿದೆ, ಹಳ್ಳಕ್ಕೆ ಅಡಿಕೆ ಮರದ ಸಂಕ, ಅಂದರೆ ಕಾಲುಸೇತುವೆ. ಜುಲೈಯಲ್ಲಿ ನಾನೇ ಅದರ ಮೇಲೆ ಕಾಲಿಡಲು ಹೆದರುತ್ತೇನೆ. ನಕ್ಷೆಯಲ್ಲಿ ಗೆರೆ ಎಳೆದವರಿಗೆ ಸಂಕ ಕಾಣುವುದಿಲ್ಲ. ಶಾಲೆ ಮುಚ್ಚುತ್ತೇವೆ ಅಂತ ಯಾರೂ ಬಾಯಿಬಿಟ್ಟು ಹೇಳುವುದೂ ಇಲ್ಲ. ಮಾಸ್ತರಿಗೆ ವರ್ಗವಾಗುತ್ತದೆ, ಬದಲಿ ಬರುವುದಿಲ್ಲ. ಅತಿಥಿ ಶಿಕ್ಷಕರ ಮೇಲೆ ವರ್ಷ ತಳ್ಳುತ್ತಾರೆ. ಮಕ್ಕಳು ಒಬ್ಬೊಬ್ಬರಾಗಿ ವ್ಯಾನ್ ಹತ್ತುತ್ತಾರೆ. ಆಮೇಲೆ ಮಕ್ಕಳೇ ಇಲ್ಲವಲ್ಲ ಅನ್ನುತ್ತೀರಿ. ಅರುವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರು ಇರಲೇಬೇಕು, ಯಾವ ಶಾಲೆಯಲ್ಲೂ ಹುದ್ದೆ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಖಾಲಿ ಇರಬಾರದು ಅಂತ ಅದೇ ಕಾಯ್ದೆ ಹೇಳುತ್ತದೆ. ಎರಡೇ ಹುದ್ದೆಯಲ್ಲಿ ಒಂದು ಖಾಲಿಯಾದರೆ ನೂರಕ್ಕೆ ಐವತ್ತು. ನಮ್ಮ ಅಕ್ಕೋರು ಚೆನ್ನಾಗಿ ಕಲಿಸುತ್ತಾರೆ. 2025ರ ಬಜೆಟ್ಟಿನಲ್ಲಿ ಅತಿಥಿ ಶಿಕ್ಷಕರಿಗೆ 2,000 ರೂಪಾಯಿ ಹೆಚ್ಚಿಸಿದ್ದೂ ಒಳ್ಳೆಯದೇ. ಆದರೆ ಬೇಸಿಗೆ ರಜೆಯಲ್ಲಿ ಅವರಿಗೆ ಸಂಬಳವಿಲ್ಲ. ಏಪ್ರಿಲ್‌ನಲ್ಲಿ ಅವರು ನಮ್ಮ ಜೊತೆಯೇ ಗೇರುಬೀಜ ಹೆಕ್ಕಲು ಬರುತ್ತಾರೆ.

ನಾನು ಕೇಳುವುದು ದೊಡ್ಡದೇನಲ್ಲ. ಅನುದಾನ ಜೂನ್‌ನಲ್ಲಿ ಬರಲಿ, ಮಾರ್ಚ್‌ನಲ್ಲಿ ಅಲ್ಲ. ಮಲೆನಾಡಿನಲ್ಲಿ ಜನವರಿಯಿಂದ ಮೇವರೆಗೆ ಮಾತ್ರ ಮಾಡಿನ ಕೆಲಸ ಆಗುತ್ತದೆ, ಹಾಗಾಗಿ ಉಳಿದ ದುಡ್ಡನ್ನು ಮಾರ್ಚ್ 31ಕ್ಕೆ ಕಿತ್ತುಕೊಳ್ಳಬೇಡಿ. ಚಿಕ್ಕ ಶಾಲೆಗೆ ತಲೆ ಎಣಿಸಿ ಕೊಡುವುದರ ಜೊತೆ ಕಟ್ಟಡ ನೋಡಿಯೂ ಒಂದಿಷ್ಟು ಕೊಡಿ. ಕೇಂದ್ರದ ಯೋಜನೆಯಲ್ಲಿ ಅದಕ್ಕೆ ಜಾಗವಿಲ್ಲದಿದ್ದರೆ ರಾಜ್ಯದ ದುಡ್ಡಿನಲ್ಲಿ ಕೊಡಿ, 45 ಸಾವಿರ ಕೋಟಿಯಲ್ಲಿ ನಾಲ್ಕು ಪಕಾಸಿಗೆ ಜಾಗವಾಗುತ್ತದೆ. ಊರಿನ ಆಚಾರಿಯ ಚೀಟಿಯನ್ನೂ ಬಿಲ್ಲು ಅಂತ ಒಪ್ಪಿಕೊಳ್ಳಲು ಒಂದು ದಾರಿ ಮಾಡಿ, ಐದು ಸಾವಿರದವರೆಗಾದರೂ. ಶಾಲೆ ಸೇರಿಸುವ, ಮುಚ್ಚುವ ಮಾತು ಬಂದರೆ ಮೊದಲು ಎಸ್‌ಡಿಎಂಸಿಯನ್ನೂ ಗ್ರಾಮ ಸಭೆಯನ್ನೂ ಕೇಳಿ, ಮಳೆಗಾಲದಲ್ಲೇ ಬಂದು ಕೇಳಿ.

ಇವೆಲ್ಲಕ್ಕಿಂತ ಮೊದಲು ಬೇಕಾದದ್ದು ಒಂದು ಉತ್ತರ. ನಾವು ಕಳಿಸುವ ಶಾಲಾ ಅಭಿವೃದ್ಧಿ ಯೋಜನೆಗೆ ಮೇಲಿನಿಂದ ಬರಹದಲ್ಲಿ ಉತ್ತರ ಬರಲಿ. ಈ ಕೆಲಸ ಆಗುತ್ತದೆ, ಇಂಥ ತಿಂಗಳು. ಈ ಕೆಲಸ ಆಗುವುದಿಲ್ಲ, ಇಂಥ ಕಾರಣಕ್ಕೆ. ಅಷ್ಟೇ. ಇಲ್ಲ ಅನ್ನಿಸಿಕೊಂಡು ನಮಗೆ ಅಭ್ಯಾಸವಿದೆ. ಉತ್ತರವೇ ಬಾರದ ಕಾಗದಕ್ಕೆ ಪ್ರತಿ ವರ್ಷ ಸಹಿ ಹಾಕುವುದು ಮಾತ್ರ ಕಷ್ಟ. ಉತ್ತರ ಬಂದರೆ ಅದನ್ನು ಸಭೆಯಲ್ಲಿ ಓದಬಹುದು. ಓದಿದರೆ ಕೂಲಿ ಬಿಟ್ಟು ಬಂದವರಿಗೆ ತಮ್ಮ ಮಾತು ಎಲ್ಲಿಯವರೆಗೆ ಹೋಯಿತು ಅಂತ ಗೊತ್ತಾಗುತ್ತದೆ. ಮುಂದಿನ ಸಭೆಗೆ ಇನ್ನಿಬ್ಬರು ಬಂದಾರು.

ಈ ವರ್ಷದ ಯೋಜನೆಯನ್ನು ನಾವು ಹೊಸದಾಗಿ ಬರೆಯುತ್ತಿದ್ದೇವೆ, ಫಾರಂ ಬರುವುದಕ್ಕೆ ಕಾಯದೆ. ನಾಲ್ಕು ಪಕಾಸು, ಮೂವತ್ತು ರೀಪು, ಐವತ್ತರ ಬದಲು ಈಗ ನೂರಿಪ್ಪತ್ತು ಹಂಚು. ಆಚಾರಿಯ ಕೂಲಿ ಎರಡು ದಿನದ್ದು. ಅಂಗನವಾಡಿಯ ಗೋಡೆಯನ್ನೂ ಸೇರಿಸಿದ್ದೇವೆ, ಯಾರ ಗೋಡೆಯಾದರೂ ಇರಲಿ. ಬರುವ ತಿಂಗಳ ಎರಡನೇ ಶನಿವಾರ ಮಧ್ಯಾಹ್ನ ಶಾಲೆಯ ಜಗುಲಿಯ ಮೇಲೆ ಅದನ್ನು ಓದುತ್ತೇವೆ. ನೀವೋ ನಿಮ್ಮ ಕಡೆಯ ಯಾರಾದರೂ ಬರುವುದಾದರೆ ಮಾಸ್ತರ ಮೂಲಕ ಹೇಳಿ ಕಳಿಸಿ. ಜೀಪನ್ನು ಹಳ್ಳದ ಆಚೆಗೇ ನಿಲ್ಲಿಸಬೇಕು. ಸಂಕ ದಾಟಿಸಲು ಐದನೇ ಕ್ಲಾಸಿನ ಹುಡುಗರನ್ನು ಕಳಿಸುತ್ತೇನೆ. ಅವರಿಗೆ ಅಭ್ಯಾಸವಿದೆ.

ಇಂತಿ,
ಎಸ್‌ಡಿಎಂಸಿ ಅಧ್ಯಕ್ಷೆ
ಸರ್ಕಾರಿ ಕಿರಿಯ ಪ್ರಾಥಮಿಕ ಕನ್ನಡ ಶಾಲೆ